ಕಿವಿ ಕೆಟ್ಟಿದ್ದು ಎಲ್ಲಿ ಎಂದು ಕೇಳುತ್ತಾರೆ

ನನಗೆ ಕಿವಿ ಮಂದವಾಗಿದೆ ಎಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಎಲ್ಲಿ ಮಂದವಾಯಿತು ಎಂಬುದರ ಮೇಲೆಯೇ ಪರಿಹಾರದ ಜಗಳವೆಲ್ಲ ನಡೆಯಿತು. ವಯಸ್ಸಾಗಿದೆ, ಮನೆತನದಲ್ಲೇ ಇರಬಹುದು, ಚಿಕ್ಕಂದಿನಲ್ಲಿ ಕಿವಿ ಸೋರಿರಬಹುದು ಎಂದು ಕಾರ್ಖಾನೆಯ ವಕೀಲರು ಒಂದೊಂದೇ ಕಾರಣ ಹುಡುಕಿ ತಂದರು. ಯೌವನವೆಲ್ಲ ಪವರ್ ಪ್ರೆಸ್ ಪಕ್ಕದಲ್ಲಿ ತಗಡು ಒತ್ತುತ್ತ ನಿಂತವನ ಕಿವಿಗೆ ಆ ಪ್ರೆಸ್ಸೊಂದನ್ನು ಬಿಟ್ಟು ಉಳಿದದ್ದೆಲ್ಲ ಕಾರಣವಾಗಿತ್ತು.

ಇದೇನು ಹೊಸ ಕಾಯಿಲೆಯಲ್ಲ. ವೆನಿಸ್ಸಿನಲ್ಲಿ ತಾಮ್ರ ಬಡಿಯುವವರು ಕಿವುಡರಾಗುತ್ತಾರೆ ಎಂದು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ 1713ರಲ್ಲೇ ಬರೆದಿದ್ದರು. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ನೂರು ಮಂದಿ ಬಾಯ್ಲರ್ ಕೆಲಸಗಾರರ ಕಿವಿಗಳನ್ನು ಅಂಚೆಯವರ ಕಿವಿಗಳೊಂದಿಗೆ ಹೋಲಿಸಿ ನೋಡಿದ್ದರು. ಅಷ್ಟು ಹಳೆಯ ಸಂಗತಿಯನ್ನು ನಾನು ಮತ್ತೆ ಮೊದಲಿನಿಂದ ಸಾಬೀತುಪಡಿಸಬೇಕಾಯಿತಲ್ಲ, ಅದಕ್ಕೇ ನನಗೆ ಸಿಟ್ಟು.

ಹೆಚ್ಚು ನೆರವಿಗೆ ಬಂದಿದ್ದು ಆಡಿಯೋಗ್ರಾಮ್, ಅಂದರೆ ತಗ್ಗು ಸ್ವರದಿಂದ ಕೀರಲು ಸ್ವರದವರೆಗೆ (ಅದರ ಅಳತೆ ಹರ್ಟ್ಜ್) ಕಿವಿ ಎಷ್ಟು ಕೇಳುತ್ತದೆ ಎಂದು ಗೆರೆ ಎಳೆದು ತೋರಿಸುವ ನಕ್ಷೆ. ಯಂತ್ರದ ಸದ್ದಿನಿಂದ ಕೆಟ್ಟ ಕಿವಿಯ ಗೆರೆ ಸಾಮಾನ್ಯವಾಗಿ 4000 ಹರ್ಟ್ಜ್‌ನ ಆಸುಪಾಸಿನಲ್ಲಿ ಕುಸಿದು, 8000ದ ಹೊತ್ತಿಗೆ ಸ್ವಲ್ಪ ಮೇಲೇಳುತ್ತದೆ. ಮುಪ್ಪಿನಿಂದ ಕೆಟ್ಟದ್ದಾದರೆ ಗೆರೆ ಇಳಿಯುತ್ತಲೇ ಹೋಗುತ್ತದೆ. ವರ್ಷಗಳು ಕಳೆದಂತೆ ಮುಪ್ಪಿನ ಇಳಿಜಾರು ಆ ತಗ್ಗನ್ನು ನುಂಗಿಬಿಡುತ್ತದೆ. ಆದ್ದರಿಂದ ಪರೀಕ್ಷೆ ತಡವಾದಷ್ಟೂ ಅನುಕೂಲ ಎದುರು ಪಕ್ಷಕ್ಕೆ. ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಗದ್ದಲದಿಂದ ದೂರವಿರಬೇಕು. ಇಲ್ಲವಾದರೆ 'ಇದು ತಾತ್ಕಾಲಿಕ ಮಂಕು' ಎಂದು ವರದಿಯನ್ನೇ ತಳ್ಳಿಹಾಕುತ್ತಾರೆ.

"ನನ್ನೊಡನೆ ಚೆನ್ನಾಗಿಯೇ ಮಾತನಾಡುತ್ತಿದ್ದೀರಲ್ಲ" ಎಂದರು ವಿಚಾರಣೆಯ ಅಧಿಕಾರಿ. ಸದ್ದಿಲ್ಲದ ಕೋಣೆ, ಎದುರಿಗೇ ಮುಖ, ಒಬ್ಬರದೇ ಮಾತು; ಯಾಕೆ ಕೇಳುವುದಿಲ್ಲ? ನನಗೆ ಸ್ವರಗಳು ಕೇಳುತ್ತವೆ; ಸ, ಶ, ತ, ಫಗಳಂಥ ತೆಳುವಾದ ಸದ್ದುಗಳು ಕಳಚಿಹೋಗುತ್ತವೆ. ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ನಾನು ನಗುತ್ತ ತಲೆಯಾಡಿಸುವವನಾಗುತ್ತೇನೆ.

ಆಮೇಲೆ ಬಂದಿತು ಅವರ ದೊಡ್ಡ ಅಸ್ತ್ರ: ನಾವು ಸದ್ದು ತಡೆಯಲು ಕಿವಿ ಮುಚ್ಚುವ ಇಯರ್ ಮಫ್ ಕೊಟ್ಟಿದ್ದೆವು. ಕೊಟ್ಟಿದ್ದರು, ನಿಜ. ಆದರೆ ಸೂಪರ್‌ವೈಸರ್ ಬಂದು ಏನಾದರೂ ಹೇಳಬೇಕೆಂದರೆ ಮಫ್ ತೆಗೆಯಲೇಬೇಕಿತ್ತು, ಅಚ್ಚು ಬದಲಾಯಿಸುವಾಗ ಪಕ್ಕದವನ ಕೂಗು ಕೇಳಲೇಬೇಕಿತ್ತು. ಸದ್ದಿನ ಲೆಕ್ಕ ವಿಚಿತ್ರ. 3 ಡೆಸಿಬೆಲ್ ಏರಿದರೆ ಶಕ್ತಿ ಇಮ್ಮಡಿಯಾಗುತ್ತದೆ. 85 ಡೆಸಿಬೆಲ್‌ನಲ್ಲಿ 8 ಗಂಟೆ ದುಡಿಯಬಹುದು ಎನ್ನುವ ಲೆಕ್ಕದಲ್ಲೇ ಹೋದರೆ 100 ಡೆಸಿಬೆಲ್‌ಗೆ ಉಳಿಯುವುದು ಕಾಲು ಗಂಟೆ. 30 ಡೆಸಿಬೆಲ್ ತಡೆಯುವ ಮಫ್ಫನ್ನು 8 ಗಂಟೆಯ ಪಾಳಿಯಲ್ಲಿ ಒಟ್ಟು ಒಂದು ಗಂಟೆ ತೆಗೆದಿಟ್ಟರೂ ಇಡೀ ಪಾಳಿಗೆ ಸಿಗುವ ರಕ್ಷಣೆ ಸುಮಾರು 9 ಡೆಸಿಬೆಲ್ ಅಷ್ಟೇ. ನಮ್ಮ ಕಡೆಯ ತಜ್ಞರು ಇದನ್ನು ಬಿಡಿಸಿ ಹೇಳಿದ ಮೇಲೆ ಮಫ್ಫಿನ ಮಾತು ತಣ್ಣಗಾಯಿತು.

ಕೆಲಸಕ್ಕೆ ಸೇರುವಾಗ ಮಾಡಿಸಿದ ಕಿವಿ ಪರೀಕ್ಷೆಯ ವರದಿ ಇದ್ದರೆ ಅರ್ಧ ಗೆದ್ದಂತೆ. ನನ್ನದು ಕಡತದಲ್ಲಿ ಸಿಗಲಿಲ್ಲವಂತೆ. ಶಬ್ದ ಮಾಪನದ ವರದಿಗಳೂ ಸಿಗಲಿಲ್ಲವಂತೆ. ಹಳೆಯ ಸಂಬಳ ಚೀಟಿಗಳಲ್ಲಿ ವಿಭಾಗದ ಹೆಸರಿತ್ತು, ಜೊತೆಗಾರರು ಹೇಳಿಕೆ ಕೊಟ್ಟರು. ಕೈಯಳತೆಯ ದೂರದಲ್ಲಿ ನಿಂತವನೊಂದಿಗೂ ಕೂಗಿ ಮಾತನಾಡಬೇಕಿತ್ತು ಎಂದರೆ ಸದ್ದು 85 ಡೆಸಿಬೆಲ್ ದಾಟಿತ್ತು ಎಂದೇ ಅಂದಾಜು. ಹಾಗೆ ಕೂಗಬೇಕಿತ್ತು ಎಂಬಷ್ಟನ್ನೇ ಜೊತೆಗಾರರು ನೇರವಾಗಿ ಹೇಳಿದರು. ಇನ್ನು ಪರಿಹಾರ ಕೇಳುವ ಗಡುವು: ಹಲವು ದೇಶಗಳಲ್ಲಿ ಅದು ಕಿವಿ ಕೆಟ್ಟ ದಿನದಿಂದಲ್ಲ, ಕೆಟ್ಟಿದ್ದು ಕೆಲಸದಿಂದ ಎಂದು ತಿಳಿದ ದಿನದಿಂದ ಶುರುವಾಗುತ್ತದೆ. ವೈದ್ಯರ ಚೀಟಿಯ ಮೇಲಿನ ತಾರೀಖಿಗೆ ಅದಕ್ಕಾಗಿಯೇ ಅಷ್ಟು ಬೆಲೆ.

ಪರಿಹಾರ ಮಂಜೂರಾಗಿದೆ, ವಯಸ್ಸಿನ ಪಾಲೆಂದು ಒಂದಿಷ್ಟು ಕಳೆದು. ಅದನ್ನು ಒಪ್ಪಿಕೊಂಡೆ. ಒಪ್ಪದಿರುವುದು ಕಿವಿಯೊಳಗಿನ ಮೊರೆತದ ವಿಷಯದಲ್ಲಿ. ಹಗಲೂ ರಾತ್ರಿ ಕೂಗುವ ಅದು ಆಡಿಯೋಗ್ರಾಮಿನ ಗೆರೆಯಲ್ಲಿ ಕಾಣುವುದಿಲ್ಲ, ಆದ್ದರಿಂದ ಕಿವಿ ಎಷ್ಟು ಕೆಟ್ಟಿದೆ ಎಂಬ ಶೇಕಡಾ ಲೆಕ್ಕಕ್ಕೂ ಸೇರಲಿಲ್ಲ. ನಿದ್ದೆ ಕೆಟ್ಟಿರುವ ಬಗ್ಗೆ ವೈದ್ಯರಿಂದ ಬರೆಸಿಕೊಂಡು ಮೇಲ್ಮನವಿ ಸಲ್ಲಿಸಿದ್ದೇನೆ.