ಬಾತುಕೋಳಿ ಪುಕ್ಕ ಕೊನೆಗೂ ತೇಲಿತು

ತೇಲಿತು! ಅಡುಗೆಮನೆಯ ಅಗಲವಾದ ಸ್ಟೀಲ್ ಪಾತ್ರೆಯಲ್ಲಿ 18ನೇ ನಂಬರಿನ ಫ್ಲೈ (ಮೀನನ್ನು ಮರುಳು ಮಾಡಲು ಕೊಕ್ಕೆಗೆ ಪುಕ್ಕ, ದಾರ ಕಟ್ಟಿ ಮಾಡುವ ನಕಲಿ ಹುಳ) ಇಪ್ಪತ್ತು ನಿಮಿಷ ಅಲ್ಲಾಡದೆ ಕೂತಿತ್ತು. ಇದಕ್ಕೆ ಹಿಡಿದದ್ದು ಮೂರು ವಾರ.

ಏಪ್ರಿಲ್‌ನಲ್ಲಿ ಕಾಶ್ಮೀರದ ಕೋಕರ್‌ನಾಗ್‌ಗೆ ಟ್ರೌಟ್ ಮೀನು ಹಿಡಿಯಲು ಹೋಗಬೇಕು ಅಂತಿದ್ದೇನೆ. ಬುಗ್ಗೆಯ ತಿಳಿನೀರು. ಫ್ಲೈಯನ್ನು ತಿರುಗಿಸಿ ಮುರುಗಿಸಿ ನೋಡಲು ಟ್ರೌಟ್‌ಗೆ ಬೇಕಾದಷ್ಟು ಪುರುಸೊತ್ತು. ಗುಡ್ಡದ ಹೊಳೆಯ ಅಬ್ಬರದಲ್ಲಿ ನಡೆಯುವ ಪೊದೆಯಂಥ ಹ್ಯಾಕಲ್ (ಕೊಕ್ಕೆಗೆ ಸುತ್ತಿದ ಕೋಳಿ ಪುಕ್ಕ) ಇಲ್ಲಿ ನಡೆಯಲ್ಲ. ಹಾಗಾಗಿ ಆಲಿವ್ ಅನ್ನುವ ಸಣ್ಣ ಹುಳದ ನಕಲು, 6ಎಕ್ಸ್ ಟಿಪ್ಪೆಟ್ (ಗಾಳದ ತುದಿಯ ತೆಳು ದಾರ), ರೆಕ್ಕೆಗೆ ಸಿಡಿಸಿ ಪುಕ್ಕ.

ಆನ್‌ಲೈನ್‌ನಲ್ಲಿ ತರಿಸಿದ ಸಿಡಿಸಿ ಪ್ಯಾಕೆಟ್‌ನಲ್ಲಿ ಅರ್ಧ ಬರೀ ಕಡ್ಡಿ. ಕೊಕ್ಕೆಯ ಡಬ್ಬಿ ಮೇಲೆ 18, ಒಳಗಿದ್ದದ್ದು 14, ಅಂದರೆ ದೊಡ್ಡವು. ದೂರು ಕೊಟ್ಟರೆ ಫೋಟೋ ಕಳಿಸಿ ಅಂದರು. ಕಳಿಸಿದೆ. ಆಮೇಲೆ ಮೌನವ್ರತ.

ಸಿಡಿಸಿ ಅಂದರೆ ಏನು, ಬಾತುಕೋಳಿಯ ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿಯ ಸುತ್ತ ಬೆಳೆಯುವ ಪುಕ್ಕ ತಾನೇ? ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ, ಬಾತುಕೋಳಿ ಮಾಂಸದ ಅಂಗಡಿಗೆ ಹೋದೆ.

'ಎಷ್ಟು ಕೆಜಿ ಸಾರ್?'

'ಮಾಂಸ ಬೇಡ ಭಾಯ್, ಬಾಲದ ಹತ್ತಿರದ ಪುಕ್ಕ ಮಾತ್ರ.'

ಅವರು ನನ್ನ ಮುಖವನ್ನೇ ನೋಡಿದರು. ದುಡ್ಡು ತಗೊಳ್ಳಲಿಲ್ಲ. ಕನಿಕರ ಇರಬೇಕು.

ಮೊದಲ ಕಂತು ಬಿಸಿನೀರಲ್ಲಿ ಅದ್ದಿದ ಹಕ್ಕಿಯದು. ಮುದ್ದೆಯಾಗಿತ್ತು. ಬಟ್ಟೆ ಸೋಪಿನ ಪುಡಿಯಲ್ಲಿ ತೊಳೆದೆ, ಎಣ್ಣೆಯೂ ಹೋಯ್ತು. ಫ್ಲೈ ಕಲ್ಲಿನಂತೆ ಮುಳುಗಿತು. ಎರಡನೇ ಸಲ ನೀರಿಗೆ ಹಾಕುವ ಮೊದಲೇ ಕಿತ್ತುಕೊಡಿ ಅಂದೆ. ಹುಳ ಸಾಯಲಿ ಅಂತ ಫ್ರೀಜರ್‌ನಲ್ಲಿ ಐಸ್‌ಕ್ರೀಮ್ ಪಕ್ಕ ಇಟ್ಟೆ (ಮನೆಯಲ್ಲಿ ಅದರದೇ ಬೇರೆ ಕಥೆ). ಪುಕ್ಕ ಚೆನ್ನಾಗೇ ಇತ್ತು. ಆದರೂ ಫ್ಲೈ ಮುಳುಗಿತು!

ಕೊಕ್ಕೆಯ ತಂತಿ ದಪ್ಪವೇನೋ ಅಂದುಕೊಂಡೆ, ಬದಲಾಯಿಸಿದೆ. ಡಬ್ಬಿಂಗ್ (ಫ್ಲೈಯ ಮೈಗೆ ಸುತ್ತುವ ತುಪ್ಪಳ) ನೀರು ಕುಡಿಯುತ್ತಿದೆಯಾ ಅಂತ ಬರೀ ದಾರದ ಮೈ ಕಟ್ಟಿದೆ. ಬೋರ್‌ವೆಲ್ ನೀರು ಬಿಟ್ಟು ಕಾವೇರಿ ನೀರಲ್ಲೂ ನೋಡಿದೆ. ಎಲ್ಲವೂ ಮುಳುಗಿದವು. ಕಾಶ್ಮೀರಕ್ಕೆ ಟ್ರೌಟ್ ತರುವಾಗಲೂ 1899ರಲ್ಲಿ ಬ್ರಿಟನ್‌ನಿಂದ ಹೊರಟ ಮೊಟ್ಟೆಗಳು ದಾರಿಯಲ್ಲೇ ಸತ್ತು, 1900ರಲ್ಲಿ ಎರಡನೇ ಸಲ ಬದುಕಿದವಂತೆ. ನನಗೆ ಎರಡನೇ ಸಲವೂ ಆ ಅದೃಷ್ಟ ಇರಲಿಲ್ಲ.

ಅಷ್ಟರಲ್ಲಿ ಮಗಳು ಸುಮ್ನೆ ಆಟಕ್ಕೆ ಒಂದು ಕಟ್ಟಿದಳು. ರೆಕ್ಕೆ ಸೊಟ್ಟ, ತಲೆ ಗಂಟುಗಂಟು. ಅದು ತೇಲಿತು! ಅದೇ ಪುಕ್ಕ, ಅದೇ ಕೊಕ್ಕೆ, ಅದೇ ನೀರು. ಬೇರೆ ಇದ್ದದ್ದು ಕೈ ಮಾತ್ರ.

ನಾನು ದಿನಾ ಹಳೆ ಹ್ಯಾಕಲ್ ಫ್ಲೈಗಳಿಗೆ ಫ್ಲೋಟಂಟ್ ಜೆಲ್ ಸವರಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಸಿಡಿಸಿ ಹಿಡಿಯುತ್ತಿದ್ದೆ. ತೇಲಿಸುವ ಜೆಲ್ಲೇ ಮುಳುಗಿಸುತ್ತಿತ್ತು, ನೋಡಿ. ಸಿಡಿಸಿ ತೇಲುವುದು ಅದರ ನವಿರು ಎಳೆಗಳ ನಡುವೆ ಸಿಕ್ಕಿಕೊಳ್ಳುವ ಗಾಳಿಯಿಂದ. ಜೆಲ್ ಆ ಎಳೆಗಳನ್ನು ಅಂಟಿಸಿದರೆ ಗಾಳಿಗೆ ಜಾಗವೆಲ್ಲಿ? ಸಿಡಿಸಿಗೆ ಜೆಲ್ ಹಚ್ಚಬಾರದು ಅಂತ ನನಗೂ ಗೊತ್ತಿತ್ತು, ಹಚ್ಚಿಯೂ ಇರಲಿಲ್ಲ. ಬೆರಳಿಗೆ ಅಂಟಿದ್ದ ಅಷ್ಟೇ ಅಷ್ಟು ಸಾಕಾಗಿತ್ತು. ಈಗ ನಿಂಬೆಹಣ್ಣು ಹಾಕಿ ಕೈ ತೊಳೆದೇ ಕೊಕ್ಕೆ ಕಚ್ಚಿ ಹಿಡಿಯುವ ವೈಸ್ ಮುಂದೆ ಕೂರುತ್ತೇನೆ. ಒದ್ದೆಯಾದ ಫ್ಲೈಗೆ ಟಿಶ್ಯೂ, ಆಮೇಲೆ ಸಿಲಿಕಾ ಪುಡಿ ಮಾತ್ರ.

ಇದರ ಮಧ್ಯೆ ಇನ್ನೊಂದು ಹುಚ್ಚು ಹತ್ತಿದೆ. ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರದಲ್ಲಿ ರಾಡ್‌ನ ರೀಲ್ ಸೀಟ್ (ದಾರದ ರೀಲ್ ಕೂರಿಸುವ ಭಾಗ) ಕಡೆಸಿ, ಕೆಂಪು ಅರಗು ಹಚ್ಚಿಸಿದರೆ ಹೇಗಿರುತ್ತೆ? ಅಳತೆ ಬರೆದಿಟ್ಟಿದ್ದೇನೆ. ಒದ್ದೆ ಕೈಯಲ್ಲಿ ಜಾರುತ್ತೋ ಏನೋ.

ಸದ್ಯಕ್ಕೆ ಇನ್ನೂ ಎರಡು ಡಜನ್ ಆಲಿವ್ ಕಟ್ಟಬೇಕು. ಮಗಳು ಒಂದಕ್ಕೆ ಹತ್ತು ರೂಪಾಯಿ ಕೇಳುತ್ತಿದ್ದಾಳೆ.