ರಾಮಸ್ವಾಮಿ ವೃತ್ತದಿಂದ ಶಿವಪುರಕ್ಕೆ

ಮೈಸೂರು ಸಂಸ್ಥಾನದ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರ ಬದುಕಿನ ಜಾಡು ಹಿಡಿದು ಹೊರಡುವವರು ಕೋಲಾರ ಸೀಮೆಯ ಕ್ಯಾಸಂಬಳ್ಳಿಗೆ ಹೋಗುವುದು ಸಹಜ. 1902ರಲ್ಲಿ ಅವರು ಹುಟ್ಟಿದ್ದು ಅಲ್ಲಿ. ನಾನು ಮೈಸೂರನ್ನು ಆರಿಸಿಕೊಂಡೆ, ಏಕೆಂದರೆ ಅವರ ಹೋರಾಟದ ಗುರಿಯಾಗಿದ್ದ ಅರಮನೆ ಇರುವುದು ಇಲ್ಲಿ.

ದೇಶ ಸ್ವತಂತ್ರವಾದ ಮೇಲೂ ಸಂಸ್ಥಾನದಲ್ಲಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತವೇ ಮುಂದುವರಿದಾಗ, ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನರಿಗೆ ಉತ್ತರ ಕೊಡಬೇಕಾದ ಸರ್ಕಾರಕ್ಕಾಗಿ, 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಚಳವಳಿ ಆರಂಭವಾಯಿತು. ರೆಡ್ಡಿಯವರು ಅದರ ಮುಂದಾಳುಗಳಲ್ಲಿ ಒಬ್ಬರಾಗಿ ಸೆರೆಮನೆ ಸೇರಿದರು. ಆ ತಿಂಗಳು ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಹೊತ್ತ ವೃತ್ತದಲ್ಲಿ ಈಗ ಸಿಗ್ನಲ್ ಹಸಿರಾಗುವುದನ್ನೇ ಕಾಯುವ ವಾಹನಗಳ ಸಾಲು. ಅಕ್ಟೋಬರಿನಲ್ಲಿ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಬೇಡಿಕೆಗೆ ಒಪ್ಪಿದರು. ಅಕ್ಟೋಬರ್ 25ರಂದು, ಕೆಲವೇ ವಾರಗಳ ಹಿಂದೆ ಸಂಸ್ಥಾನದ ಕೈದಿಯಾಗಿದ್ದವರು ಅದೇ ಸಂಸ್ಥಾನದ ಮೊದಲ ಮುಖ್ಯಮಂತ್ರಿಯಾದರು. ಅರಸರನ್ನು ಇಳಿಸದೆಯೇ ಅಧಿಕಾರವನ್ನು ಜನರ ಕೈಗೆ ತಂದ ಈ ಬಗೆಯ ಬಂಡಾಯವನ್ನು ನಮ್ಮವರು ತಕ್ಕಷ್ಟು ಮೆಚ್ಚಿಲ್ಲವೆಂದೇ ನನ್ನ ಅನಿಸಿಕೆ.

1938ರ ಧ್ವಜ ಸತ್ಯಾಗ್ರಹ ನಡೆದ ಶಿವಪುರವನ್ನೂ ನೋಡಬೇಕಿತ್ತು. ಅದು ಇರುವ ಮದ್ದೂರಿಗೆ ಮೈಸೂರಿನಿಂದ ಸುಮಾರು 60 ಕಿಲೋಮೀಟರ್. ದಶಪಥ ಹೆದ್ದಾರಿ ಊರನ್ನು ತಪ್ಪಿಸಿ ಹೋಗುವುದರಿಂದ ಶ್ರೀರಂಗಪಟ್ಟಣ, ಮಂಡ್ಯಗಳ ಮೂಲಕ ಸಾಗುವ ಹಳೆಯ ರಸ್ತೆಯ ಬಸ್ಸನ್ನೇ ಹತ್ತಿದೆ. ರೆಡ್ಡಿಯವರ ಉಳಿದ ಬದುಕಿನ ಗುರುತು ಈ ದಾರಿಯಲ್ಲಿ ಸಿಗುವುದಿಲ್ಲ. 1952ರಲ್ಲಿ ರಾಜ್ಯದ ಅಧಿಕಾರ ಬಿಟ್ಟು ದೆಹಲಿಗೆ ಹೋದ ಅವರು ನೆಹರೂ ಸಂಪುಟದಲ್ಲಿ ಸಚಿವರಾಗಿ, ಮುಂದೆ ಮಧ್ಯಪ್ರದೇಶದ ರಾಜ್ಯಪಾಲರಾಗಿ ದುಡಿದರು.

ಶಿವಪುರದ ಧ್ವಜ ಸತ್ಯಾಗ್ರಹ ಸೌಧದ ಬಳಿ ಎಳನೀರು ಕೊಚ್ಚುತ್ತಿದ್ದ ಹಿರಿಯರೊಬ್ಬರನ್ನು ರೆಡ್ಡಿಯವರ ಬಗ್ಗೆ ವಿಚಾರಿಸಿದೆ. "ಅವ್ರು ಕೋಲಾರದ ಕಡೆಯೋರಲ್ವಾ ಸ್ವಾಮಿ? ಇಲ್ಲಿ ಬಾವುಟ ಏರ್ಸಿದ್ದು ಸಿದ್ದಲಿಂಗಯ್ಯನೋರು" ಎಂದು ಅವರು ತಿದ್ದಿದರು. ಅವರ ಮಾತು ಸರಿ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಇಲ್ಲಿ ನಡೆದಾಗ, ನಿಷೇಧವನ್ನು ಲೆಕ್ಕಿಸದೆ ಧ್ವಜವೇರಿಸಿ ಬಂಧನಕ್ಕೊಳಗಾದವರು ಟಿ. ಸಿದ್ದಲಿಂಗಯ್ಯ, ಅಧಿವೇಶನಕ್ಕಾಗಿ ಊರೂರು ಸುತ್ತಿ ಜನರನ್ನು ಸಜ್ಜುಗೊಳಿಸಿದವರಲ್ಲಿ ಎಚ್.ಕೆ. ವೀರಣ್ಣಗೌಡರು ಪ್ರಮುಖರು. ಆದರೆ ಆ ಸಂಘಟನೆಗೆ ರೆಡ್ಡಿಯವರ ಪಾಲೂ ಇತ್ತು: ಅವರು ಕಟ್ಟಿ ಬೆಳೆಸಿದ ಪ್ರಜಾಪಕ್ಷ, ಸಂಸ್ಥಾನದ ಮತ್ತೊಂದು ಪಕ್ಷವಾದ ಪ್ರಜಾಮಿತ್ರ ಮಂಡಳಿಯೊಡನೆ ಬೆರೆತು ಪ್ರಜಾ ಸಂಯುಕ್ತ ಪಕ್ಷವಾಗಿ, 1937ರಲ್ಲಿ ಕಾಂಗ್ರೆಸ್ಸಿನೊಳಗೆ ಲೀನವಾದ ಮೇಲೆಯೇ ಸಂಸ್ಥಾನದ ಹಳ್ಳಿಗಳವರೆಗೆ ಚಳವಳಿಯ ಬೇರು ಇಳಿದದ್ದು.

ಶಿವಪುರದ ಬಿಸಿ ಆರುವ ಮೊದಲೇ, ಅದೇ ಏಪ್ರಿಲ್ 25ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಗೋಲಿಬಾರ್ ನಡೆಯಿತು. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದ ಬಳಿಕ ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅನುಮತಿ ದೊರೆಯಿತು. ಜವಾಬ್ದಾರಿ ಸರ್ಕಾರಕ್ಕೆ ಮಾತ್ರ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು.