ಯಾರ ಅಭಿಪ್ರಾಯ ನಂಬಲಿ ಅಂತ ಕೇಳುವವರಿಗೆ

“ಅಕ್ಕ, ಆ ಕಾದಂಬರಿ ಸೂಪರ್ ಅಂತ ಒಬ್ಬರು ಹೇಳ್ತಾರೆ. ಬರೀ ಮೋಸ ಅಂತ ಇನ್ನೊಬ್ಬರು. ನಾನು ಯಾರ ಮಾತು ನಂಬ್ಲಿ?”

ನಾನು ಪತ್ತೇದಾರಿ, ಸಸ್ಪೆನ್ಸ್ ಕಾದಂಬರಿಗಳನ್ನು ಹುಚ್ಚು ಹಿಡಿದವಳ ಹಾಗೆ ಓದುತ್ತೇನೆ ಅಂತ ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಸೊಸೈಟಿಯ ಲಿಫ್ಟ್‌ನಲ್ಲಿ ಕೇಳುತ್ತಾರೆ. ಮಾಟುಂಗಾದಲ್ಲಿ ಕನ್ನಡ ಕಾರ್ಯಕ್ರಮ ಮುಗಿದು ಕಾಫಿ ಕುಡಿಯುವಾಗ ಕೇಳುತ್ತಾರೆ. ರಜೆಗೆ ಕುಂದಾಪುರಕ್ಕೆ ಹೋದರೆ ಅತ್ತಿಗೆಯೂ ಅದನ್ನೇ ಕೇಳುತ್ತಾರೆ. ನಿಂತಲ್ಲೇ ಎರಡು ಮಾತು ಹೇಳಿ ಮುಗಿಸಿದರೆ ನನಗೇ ಸಮಾಧಾನ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟೇ. ಕಥೆ ಮುಗಿದ ಮೇಲೆ ಯಾರು ಹಿಂದಿನ ಪುಟಗಳಿಗೆ ಹೋಗಿ ನೋಡಿದ್ದಾರೋ ಅವರ ಮಾತು ನಂಬಿ. ಅವರು ಹೊಗಳಿರಲಿ, ಬೈದಿರಲಿ.

ಇದು ನನಗೆ ಗೊತ್ತಾಗಿದ್ದು ಲೋಕಲ್ ಟ್ರೇನಿನಲ್ಲಿ. ಹನ್ನೆರಡು ವರ್ಷ ನಾನು ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಟಿ ಸ್ಟೇಷನ್ನಿಗೆ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಓಡಾಡಿದ್ದೇನೆ. ಲೇಡೀಸ್ ಡಬ್ಬದಲ್ಲಿ ನಾವು ಐದಾರು ಜನ ಕನ್ನಡದವರು. ಕಲ್ಯಾಣದಲ್ಲಿ ಹತ್ತುವ ಬ್ಯಾಂಕಿನ ಮೇಡಂ, ಠಾಣೆಯಲ್ಲಿ ಹತ್ತುವ ಟೀಚರ್, ಕೋರ್ಟಿನಲ್ಲಿ ಟೈಪಿಂಗ್ ಕೆಲಸ ಮಾಡುವ ಧಾರವಾಡದ ಹುಡುಗಿ. ಯಾರಿಗಾದರೂ ಪೂರ್ತಿ ಸೀಟು ಸಿಕ್ಕರೆ ಅವತ್ತು ಹಬ್ಬ. ಇಲ್ಲದಿದ್ದರೆ ಫೋರ್ತ್ ಸೀಟಿನ ತುದಿಯಲ್ಲಿ ಅರ್ಧ ಕೂತು, ಒಂದು ಕಾಲು ಊರಿಕೊಂಡು ಓದಬೇಕು. ಒಂದೇ ಪುಸ್ತಕ ಎಲ್ಲರ ಕೈಗೂ ಹೋಗುತ್ತಿತ್ತು. ಕೊನೆಯ ಪುಟದ ಹಿಂದೆ ನಾನೊಂದು ಬಿಳಿ ಹಾಳೆ ಅಂಟಿಸುತ್ತಿದ್ದೆ. ಓದಿ ಮುಗಿಸಿದವರು ಅದರಲ್ಲಿ ತಮ್ಮ ಅಭಿಪ್ರಾಯ ಬರೆಯಬೇಕು. ಕೊಲೆಗಾರನ ಹೆಸರು ಮಾತ್ರ ಬರೆಯಬಾರದು.

ಆ ಹಾಳೆಗಳು ಇವತ್ತಿಗೂ ನನ್ನ ಹತ್ತಿರ ಇವೆ. ಟ್ರೇನ್ ಓಡುವಾಗ ಬರೆದ ಅಕ್ಷರ ನಡುಗಿದೆ, ಸ್ಟೇಷನ್ನಿನಲ್ಲಿ ನಿಂತಾಗ ಬರೆದದ್ದು ನೆಟ್ಟಗಿದೆ. ‘ನಂಗೆ ಅರ್ಧದಲ್ಲೇ ಗೊತ್ತಾಯ್ತು.’ ‘ಕೊನೆವರೆಗೂ ಗೊತ್ತಾಗ್ಲೇ ಇಲ್ಲ, ಸೂಪರ್.’ ‘ಮೋಸ.’ ಹೆಚ್ಚಿನವು ಈ ಮೂರರಲ್ಲಿ ಒಂದು.

‘ಅರ್ಧದಲ್ಲೇ ಗೊತ್ತಾಯ್ತು’ ಅನ್ನುವುದನ್ನು ನಾನು ಅಭಿಪ್ರಾಯ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದು ಆ ಓದುಗರ ಜಾಣತನದ ಮಾತು, ಪುಸ್ತಕದ ಮಾತಲ್ಲ. ಜಾಸ್ತಿ ಓದಿದವರಿಗೆ ಒಂದು ರೂಢಿ ಬಿದ್ದಿರುತ್ತದೆ. ಯಾರ ಮೇಲೂ ಸಿಟ್ಟಾಗದ, ಎಲ್ಲರಿಗೂ ಸಹಾಯ ಮಾಡುವ ಒಬ್ಬ ಮನುಷ್ಯ ಸುಮ್ನೆ ಮೂಲೆಯಲ್ಲಿ ನಿಂತಿದ್ದರೆ ಅವನ ಮೇಲೇ ಕಣ್ಣು ಹೋಗುತ್ತದೆ. ಹತ್ತರಲ್ಲಿ ಐದು ಸಲ ಊಹೆ ಸರಿಯಾಗುತ್ತದೆ. ಆದರೆ ಯಾರು ಅಂತ ಗೊತ್ತಾದರೆ ಹೇಗೆ, ಯಾಕೆ ಅಂತ ಗೊತ್ತಾದ ಹಾಗಾಯಿತೇ?

‘ಕೊನೆವರೆಗೂ ಗೊತ್ತಾಗ್ಲಿಲ್ಲ’ ಅನ್ನುವುದೂ ಸಾಲದು. ಗೊತ್ತಾಗದ ಹಾಗೆ ಮಾಡುವುದು ಬಹಳ ಸುಲಭ. ಕೊನೆಯ ಅಧ್ಯಾಯದಲ್ಲಿ ಹೊಸ ಮನುಷ್ಯನೊಬ್ಬನನ್ನು ತಂದು ನಿಲ್ಲಿಸಿ ಇವನೇ ಕೊಲೆಗಾರ ಅಂದರೆ ಯಾರಿಗೆ ತಾನೇ ಗೊತ್ತಾಗುತ್ತದೆ? ಅಂಥದ್ದೊಂದು ಪುಸ್ತಕವನ್ನು ನಾನು ಮೂರು ದಿನ, ಆರು ಟ್ರೇನು ಓದಿದ್ದೆ. ಇಪ್ಪತ್ತು ಪುಟ ಉಳಿದಿರುವಾಗ ನಾಯಕನಿಗೆ ಅವಳಿ ತಮ್ಮನೊಬ್ಬ ಹುಟ್ಟಿಕೊಂಡ. ಅದುವರೆಗೆ ಅವನ ಸುದ್ದಿಯೇ ಇರಲಿಲ್ಲ. ಮನೆಯಲ್ಲಿ ಎರಡು ತಟ್ಟೆ, ಹಳೆಯ ಫೋಟೋದಲ್ಲಿ ಇನ್ನೊಂದು ಮಗು, ಅಮ್ಮನ ಬಾಯಲ್ಲಿ ತಪ್ಪಿ ಬಂದ ಒಂದು ಹೆಸರು, ಇಂಥದ್ದು ಏನಾದರೂ ಸಿಗಬಹುದು ಅಂತ ಅವತ್ತು ರಾತ್ರಿ ಅಡುಗೆಮನೆಯಲ್ಲಿ ನಿಂತು ಪುಸ್ತಕದ ಮೊದಲ ಅರ್ಧ ಪೂರ್ತಿ ತಿರುವಿದೆ. ಏನೂ ಸಿಗಲಿಲ್ಲ. ನನಗೆ ನಿಜಕ್ಕೂ ಅಳು ಬಂತು. ಆ ಕಥೆಯನ್ನು ನಾನು ಅಷ್ಟು ನಂಬಿದ್ದೆ.

ಈ ಸಿಟ್ಟು ನನ್ನೊಬ್ಬಳದ್ದೇ ಅಲ್ಲ, ಹಳೆಯದು. ಇಂಗ್ಲೆಂಡಿನಲ್ಲಿ ರೊನಾಲ್ಡ್ ನಾಕ್ಸ್ ಅಂತ ಒಬ್ಬ ಕ್ಯಾಥೊಲಿಕ್ ಪಾದ್ರಿ ಇದ್ದರು. ಅವರೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. 1929ರಲ್ಲಿ ಅವರು ಇಂಥ ಕಥೆಗಳಿಗೆ ಹತ್ತು ನಿಯಮ ಬರೆದರು. ಅಪರಾಧಿ ಕಥೆಯ ಶುರುವಿನಲ್ಲೇ ಕಾಣಿಸಿಕೊಂಡಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು. ಗುಪ್ತ ಕೋಣೆ ಒಂದಕ್ಕಿಂತ ಹೆಚ್ಚು ಬೇಡ. ಓದುಗರನ್ನು ಮೊದಲೇ ಸಿದ್ಧ ಮಾಡದೆ ಅವಳಿಗಳನ್ನು ತರಬಾರದು. ಹೌದು, ಅವಳಿಗಳ ಬಗ್ಗೆಯೇ ಒಂದು ನಿಯಮ! ಅದನ್ನು ಓದಿದ ದಿನ ನನ್ನ ಹೊಟ್ಟೆ ತಣ್ಣಗಾಯಿತು. ಮರುವರ್ಷ, 1930ರಲ್ಲಿ, ಬ್ರಿಟನ್ನಿನ ಪತ್ತೇದಾರಿ ಲೇಖಕರು ಸೇರಿ ‘ಡಿಟೆಕ್ಷನ್ ಕ್ಲಬ್’ ಕಟ್ಟಿದರು. ಅಗಾಥಾ ಕ್ರಿಸ್ಟಿಯೂ ಅದರಲ್ಲಿದ್ದರು. ಹೊಸದಾಗಿ ಸೇರುವವರು ಪ್ರಮಾಣ ಮಾಡಬೇಕಿತ್ತು. ಮುಖ್ಯವಾದ ಸುಳಿವನ್ನು ಓದುಗರಿಂದ ಮುಚ್ಚಿಡುವುದಿಲ್ಲ ಅನ್ನುವ ಮಾತೂ ಅದರಲ್ಲಿತ್ತು.

ಆದರೆ ಅದೇ ಕ್ರಿಸ್ಟಿಯ ಮೇಲೂ ಮೋಸದ ಆರೋಪ ಬಂದಿತ್ತು. 1926ರಲ್ಲಿ ಬಂದ ಅವರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಓದಿದವರು ಎರಡು ಪಾಲಾದರು. ಒಂದು ಹಳ್ಳಿ. ಅಲ್ಲೊಬ್ಬ ಸಾಹುಕಾರ ತನ್ನ ಓದುವ ಕೋಣೆಯಲ್ಲಿ ಕುರ್ಚಿಯಲ್ಲಿ ಕೂತಂತೆಯೇ ಸತ್ತಿದ್ದಾನೆ. ಅದೇ ಹಳ್ಳಿಗೆ ಕ್ರಿಸ್ಟಿಯ ಪತ್ತೇದಾರ ಪೊಯ್ರೊ, ಪತ್ತೇದಾರಿ ಕೆಲಸ ಬಿಟ್ಟು ಹಿತ್ತಲಲ್ಲಿ ತರಕಾರಿ ಬೆಳೆಯಲು ಬಂದಿದ್ದಾನೆ. ಇದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ. ನೂರು ವರ್ಷ ಹಳೆಯದಾದರೂ ಓದದವರಿಗೆ ಅದು ಹೊಸ ಪುಸ್ತಕವೇ.

ಕಿಂಗ್ಸ್ ಸರ್ಕಲ್‌ನ ಫುಟ್‌ಪಾತಿನಲ್ಲಿ ಅದರ ಹಳೆಯ ಪ್ರತಿ ನನಗೆ ಸಿಕ್ಕಿತ್ತು. ನಮ್ಮ ಡಬ್ಬದಲ್ಲಿ ಅದು ಎರಡು ತಿಂಗಳು ಸುತ್ತಿತು. ಆಗ ನಮ್ಮ ಫಾಸ್ಟ್ ಲೋಕಲ್ ಪಾರ್ಸಿಕ್ ಸುರಂಗದೊಳಗೆ ಹೋಗುತ್ತಿತ್ತು. ಒಳಗೆ ಹೊಕ್ಕ ಕೂಡಲೇ ಗಡಗಡ ಸದ್ದು, ಪಕ್ಕದವರ ಮಾತೂ ಕೇಳಿಸುವುದಿಲ್ಲ. ಧಾರವಾಡದ ಹುಡುಗಿ ಕೊನೆಯ ಭಾಗ ಓದುತ್ತಿದ್ದಾಗ ಸುರಂಗ ಬಂತು. ಹೊರಗೆ ಬಂದಾಗ ಅವಳ ಬಾಯಿ ತೆರೆದೇ ಇತ್ತು, ಬೆರಳು ಒಂದೇ ಸಾಲಿನ ಮೇಲೆ ನಿಂತಿತ್ತು. “ಯಕ್ಕಾ, ಹಿಂಗೂ ಮಾಡ್ತಾರೇನ್ರಿ?” ಅಂದಳು. ಅಷ್ಟೇ. ದಾದರ್ ಬರುವವರೆಗೆ ಮತ್ತೆ ಮಾತಾಡಲಿಲ್ಲ.

ಟೀಚರ್ ಅವತ್ತಿನ ವಾರದಲ್ಲೇ ಓದಿ ಮುಗಿಸಿದರು. ಹಾಳೆಯಲ್ಲಿ ದೊಡ್ಡದಾಗಿ ‘ಮೋಸ’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು. ಮೂರು ದಿನ ಬಿಟ್ಟು ಸಂಜೆಯ ಟ್ರೇನಿನಲ್ಲಿ ಸಿಕ್ಕವರು, “ಆ ಪುಸ್ತಕ ಒಂದ್ಸಲ ಕೊಡಿ, ಒಂದು ಜಾಗ ನೋಡ್ಬೇಕು” ಅಂದರು. ಒಂದು ಅಧ್ಯಾಯದ ಕೊನೆಗೆ ಹೋದರು. ಅಲ್ಲಿನ ಒಂದು ಪ್ಯಾರಾ ಓದಿದರು. ಇನ್ನೊಂದು ಸಲ ಓದಿದರು. ಮೊದಲ ಸಲ ಕಣ್ಣು ಜಾರಿ ಹೋಗುವಂಥ ಸಾಲುಗಳು ಅವು. ಆಮೇಲೆ ಪರ್ಸಿನಿಂದ ಪೆನ್ನು ತೆಗೆದು ‘ಮೋಸ’ವನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದರು: ‘ಹೇಳಿದ್ದಾರೆ. ನಾನೇ ಕೇಳಿಸಿಕೊಂಡಿಲ್ಲ.’

ನಾನು ಓದಿರುವ ಅಭಿಪ್ರಾಯಗಳಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು ಇದೇ.

ಬ್ಯಾಂಕಿನ ಮೇಡಂ ಒಪ್ಪಲಿಲ್ಲ. ಅವರೂ ಹಿಂದೆ ಹೋಗಿ ನೋಡಿದ್ದರು. ಆ ಪ್ಯಾರಾವನ್ನೂ ಓದಿದ್ದರು. ‘ಸುಳ್ಳು ಹೇಳಿಲ್ಲ, ನಿಜ. ಆದರೆ ಲೆಡ್ಜರ್‌ನಲ್ಲಿ ಒಂದು ಎಂಟ್ರಿ ಬಿಟ್ಟರೆ ಅದೂ ತಪ್ಪೇ’ ಅಂತ ನೀಟಾದ ಅಕ್ಷರದಲ್ಲಿ ಬರೆದರು. ಈ ಇಬ್ಬರಲ್ಲಿ ಯಾರು ಸರಿ ಅಂತ ಕೇಳಿದರೆ ನಾನು ಟೀಚರ್ ಕಡೆ. ಆದರೆ ನಂಬುವ ವಿಷಯ ಬಂದರೆ ಇಬ್ಬರನ್ನೂ ನಂಬುತ್ತೇನೆ. ಯಾಕೆ ಇಷ್ಟ ಆಯಿತು, ಯಾಕೆ ಆಗಲಿಲ್ಲ ಅಂತ ಪುಸ್ತಕದ ಒಳಗಿನ ಜಾಗ ತೋರಿಸಿ ಹೇಳುತ್ತಾರೆ. ಅದನ್ನು ಓದಿದರೆ ಈ ಪುಸ್ತಕ ನಿಮಗೆ ಹಿಡಿಸುತ್ತದೋ ಇಲ್ಲವೋ ಅಂತ ನಿಮಗೇ ತಿಳಿಯುತ್ತದೆ. ಬರೀ ನಕ್ಷತ್ರ ಎಣಿಸಿದರೆ ಅದು ತಿಳಿಯುವುದಿಲ್ಲ.

ನನ್ನ ಈ ಹುಚ್ಚು ಅಪ್ಪಯ್ಯನಿಂದ ಬಂದದ್ದು. ಅಪ್ಪಯ್ಯ ಸಣ್ಣವರಿರುವಾಗಲೇ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದರು. ಹಗಲು ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ನಮ್ಮ ಊರ ಕಡೆಯ ಎಷ್ಟೋ ಹುಡುಗರು ಓದು ಕಲಿತದ್ದು ಹಾಗೆಯೇ. ಅಪ್ಪಯ್ಯನಿಗೆ ಓದುವ ರುಚಿ ಹತ್ತಿಸಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಶಾಲೆಯಲ್ಲಿ ಹೆಚ್ಚು ಕಲಿಯದ ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಎಷ್ಟು ಜನ ಅವರಿಂದ ಕನ್ನಡ ಓದುವುದನ್ನು ಕಲಿತರು ಅಂತ ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ.

ಹೋಟೆಲ್ ಮುಚ್ಚಿದ ಮೇಲೆ ಟೇಬಲ್ ಸರಿಸಿ, ನೆಲ ಒರೆಸಿ, ಅಲ್ಲೇ ಹಾಸಿಗೆ ಬಿಡಿಸಿ ಮಲಗುತ್ತಿದ್ದರಂತೆ. ಅಪ್ಪಯ್ಯ ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಕೊನೆಯ ಅಧ್ಯಾಯ ಬಂದಾಗ ಪುಸ್ತಕ ಮುಚ್ಚಿಬಿಡುತ್ತಿದ್ದರು. ಅದು ನಾಳೆಗೆ. ಮರುದಿನ ಪೂರ್ತಿ ಇಡ್ಲಿ ಸ್ಟ್ಯಾಂಡಿನ ಹತ್ತಿರ, ಗಲ್ಲೆಯ ಹತ್ತಿರ ಅದೇ ಮಾತು, ಯಾರು ಮಾಡಿದ್ದಿರಬಹುದು ಅಂತ. ಕಪ್ಪು ಬಸಿ ತೊಳೆಯುವ ಒಬ್ಬ ಹುಡುಗನಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ. ಆದರೆ ಕೇಳಿದ್ದು ಒಂದೂ ಮರೆಯುತ್ತಿರಲಿಲ್ಲ. ಒಂದು ರಾತ್ರಿ ಕಥೆ ಮುಗಿದು ಎಲ್ಲರೂ ಆಹಾ ಅನ್ನುತ್ತಿರುವಾಗ ಅವನೊಬ್ಬ ಎದ್ದು ಕೂತನಂತೆ. “ಅಣ್ಣ, ಮೊನ್ನೆ ಓದ್ವಾಗ ಹಿಂದಿನ ಬಾಗ್ಲು ಹಾಕಿತ್ತು ಅಂದ್ರಿ. ಇವತ್ತು ಕಳ್ಳ ಅದ್ರಲ್ಲೇ ಬಂದ ಅಂತ್ರಿ. ಹ್ಯಾಂಗೆ?” ಅಪ್ಪಯ್ಯ ಮತ್ತೆ ಲೈಟ್ ಹಾಕಿ ಹಿಂದಿನ ಪುಟ ಹುಡುಕಬೇಕಾಯಿತು. ನೋಡಿದರೆ ಬಾಗಿಲಿನ ಬಗ್ಗೆ ಇನ್ನೊಂದು ಸಾಲಿತ್ತು, ಓದುವಾಗ ಅಪ್ಪಯ್ಯನೇ ಹಾರಿಸಿಬಿಟ್ಟಿದ್ದರು. ಅವತ್ತಿನಿಂದ ಅಪ್ಪಯ್ಯ ಒಂದು ಸಾಲೂ ಬಿಡದೆ ಓದಿದರು.

ಆ ಹುಡುಗನ ಅಭಿಪ್ರಾಯಕ್ಕಿಂತ ದೊಡ್ಡ ಅಭಿಪ್ರಾಯ ಯಾವುದಿದೆ, ಹೇಳಿ?

ಇದರ ಜೊತೆಗೆ ಕೆಲವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಅಭಿಪ್ರಾಯ ಓದುವಾಗ ತಿರುವು ಗೊತ್ತಾಗಿಬಿಟ್ಟರೆ ಪುಸ್ತಕ ದಂಡವೇ? 2011ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಕೊನೆ ಗೊತ್ತಿದ್ದು ಓದಿದವರೇ ಸಣ್ಣಕತೆಗಳನ್ನು ತುಸು ಹೆಚ್ಚು ಮೆಚ್ಚಿದ್ದರು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಯಲ್ಲಿ ತಿರುಗಾ ಮುರುಗಾ ಬಂತು. ನನ್ನ ಮಟ್ಟಿಗೆ, ಎರಡನೇ ಓದಿನ ಸುಖ ಬೇಕಾದಷ್ಟು ಸಲ ಸಿಗುತ್ತದೆ. ಮೊದಲ ಓದು ಒಂದೇ ಸಲ. ಅದನ್ನು ಬೇರೆಯವರಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಲಂಡನ್ನಿನಲ್ಲಿ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ 1952ರಲ್ಲಿ ಶುರುವಾಯಿತು. ಆಟ ಮುಗಿದ ಮೇಲೆ ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಅಂತ ಕಲಾವಿದರು ನೋಡಿದವರನ್ನು ಕೇಳಿಕೊಳ್ಳುತ್ತಾರೆ. ಒಂದು ಊರಿನ ಜನ ಇಷ್ಟು ವರ್ಷ ಒಂದು ಗುಟ್ಟು ಕಾಪಾಡಿಕೊಂಡು ಬಂದಿದ್ದಾರೆ ಅಂದರೆ ನಮ್ಮ ಕೈಲಾಗದೇ?

ನೀವೂ ಬರೆಯುವಾಗ ಹಾಗೇ ಬರೆಯಿರಿ. ಯಾರು ಅಂತ ಬೇಡ. ತಿರುವು ಬಂದ ಮೇಲೆ ನೀವು ಹಿಂದೆ ಹೋದಿರಾ? ಹೋದಾಗ ಸಿಕ್ಕಿದ್ದೇನು? ಸುಳಿವು ಅಲ್ಲೇ ಇತ್ತೇ, ಇಲ್ಲವೇ? ಅಷ್ಟು ಬರೆದರೆ ಸಾಕು.

ಧಾರವಾಡದ ಹುಡುಗಿ ಈಗ ಪುಣೆಯಲ್ಲಿದ್ದಾಳೆ. ಅವಳಿಗೊಬ್ಬಳು ಮಗಳು, ಈಗಷ್ಟೇ ದೊಡ್ಡ ಪುಸ್ತಕ ಓದಲು ಶುರು ಮಾಡಿದ್ದಾಳೆ. ಹೋದ ತಿಂಗಳು ನಾನು ಆಕ್ರಾಯ್ಡ್ ಪ್ರತಿಯನ್ನು ಅವಳಿಗೆ ಕೊಟ್ಟು ಬಂದೆ. ಕೊಡುವ ಮೊದಲು ಹಿಂದಿನ ಹಾಳೆಯನ್ನು ಬಿಚ್ಚಿ ಇಟ್ಟುಕೊಂಡೆ. ಅವಳು ಓದಿ ಮುಗಿಸಿದ ಮೇಲೆ ಪೋಸ್ಟಿನಲ್ಲಿ ಕಳಿಸುತ್ತೇನೆ. ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಇನ್ನೂ ಖಾಲಿ ಇದೆ.